ಥಾಯ್ಲೆಂಡಿನಲ್ಲಿ ನದಿಗಳ ಜೊತೆ ಒಂದು ವಾರ: ಹೋಗಿ ಬಂದವರ ಅನುಭವ ಬೇಕಾಗಿದೆ

ಪ್ರಶ್ನೆ, ಮೈಸೂರಿನಿಂದ

ನವೆಂಬರ್ ತಿಂಗಳಿನಲ್ಲಿ ಅಪ್ಪ, ಅಮ್ಮ ಮತ್ತು ಮಗಳನ್ನು ಕರೆದುಕೊಂಡು ಒಂದು ವಾರದ ಮಟ್ಟಿಗೆ ಥಾಯ್ಲೆಂಡಿಗೆ ಹೋಗಬೇಕೆಂದಿದ್ದೇವೆ. ಅಪ್ಪ ಹುಟ್ಟಿ ಬೆಳೆದದ್ದು ಕಾವೇರಿಯ ದಂಡೆಯಲ್ಲಿ. ಅವರಿಗೆ ಸಮುದ್ರತೀರದಲ್ಲಾಗಲೀ ಮಾಲುಗಳಲ್ಲಾಗಲೀ ಆಸಕ್ತಿ ಇಲ್ಲ. ಅಲ್ಲಿಯ ಜನ ನದಿಯೊಂದಿಗೆ ಹೇಗೆ ಬದುಕುತ್ತಾರೆ ಎಂಬುದನ್ನು ನೋಡಬೇಕೆಂಬುದು ಅವರ ಆಸೆ. ಟ್ರಾವೆಲ್ಸಿನವರು ಕೊಟ್ಟಿರುವ ಪಟ್ಟಿಯಲ್ಲಿ ನದಿಯ ಹೆಸರಿನಲ್ಲಿ ಇರುವುದು ಮೂರೇ ಸಂಗತಿ: ಬೆಳಿಗ್ಗೆ ಒಂದು ತೇಲುವ ಮಾರುಕಟ್ಟೆ, ರಾತ್ರಿ ಒಂದು ಊಟದ ಕ್ರೂಸ್, ಮತ್ತು ಕ್ವೇ ನದಿಯ ಸೇತುವೆ. ಇಷ್ಟರಿಂದ ಅಪ್ಪನ ಆಸೆ ತೀರುತ್ತದೆಯೇ? ಅಮ್ಮನಿಗೆ ಮೊಣಕಾಲು ನೋವಿದೆ, ನಾವೆಲ್ಲರೂ ಸಸ್ಯಾಹಾರಿಗಳು. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ವಿನಂತಿ.

ಬ್ಯಾಂಕಾಕಿನಲ್ಲಿ ನೆಲೆಸಿರುವ ಒಬ್ಬರ ಉತ್ತರ

ಮೊದಲು ಆ ರಾತ್ರಿ ಊಟದ ಕ್ರೂಸನ್ನು ಪಟ್ಟಿಯಿಂದ ತೆಗೆಸಿರಿ. ಗಾಜಿನ ಕೋಣೆಯೊಳಗೆ ಜೋರಾದ ಹಾಡು ಕೇಳುತ್ತಾ, ಸಸ್ಯಾಹಾರಿಗಳಿಗೆ ಹೆಚ್ಚೇನೂ ಇಲ್ಲದ ಬಫೆಯ ಮುಂದೆ ಸಾಲು ನಿಲ್ಲುವುದಕ್ಕಾಗಿ ನೀವು ಅಷ್ಟು ದೂರ ಬರಬೇಕಾಗಿಲ್ಲ. ನದಿಯ ಬದುಕು ಕಾಣುವುದು ಅದರ ಮೇಲೆ ದಿನವೂ ಓಡಾಡುವ ಜನರ ದೋಣಿಯಲ್ಲಿ. ಬ್ಯಾಂಕಾಕಿನ ಎತ್ತರದ ರೈಲಿನಲ್ಲಿ ಸಫಾನ್ ತಾಕ್ಸಿನ್ ನಿಲ್ದಾಣದಲ್ಲಿ ಇಳಿದರೆ ಕೆಳಗೇ ಸಾಥೋನ್ ಎಂಬ ದೋಣಿಕಟ್ಟೆಯಿದೆ. ಅಲ್ಲಿಂದ ಚಾವೊ ಫ್ರಯಾ ನದಿಯ ಮೇಲೆ ಉತ್ತರಕ್ಕೆ, ನೊಂತಬುರಿಯವರೆಗೆ, ಎಕ್ಸ್‌ಪ್ರೆಸ್ ದೋಣಿಗಳು ಹೋಗುತ್ತವೆ. ಕಿತ್ತಳೆ ಬಾವುಟದ ದೋಣಿ ದಿನವಿಡೀ ಇರುತ್ತದೆ. ಹಳದಿ ಮತ್ತು ಹಸಿರು ಬಾವುಟದವು ಕೆಲಸದ ದಿನಗಳಲ್ಲಿ, ಕಚೇರಿಗೆ ಹೋಗುವ ಮತ್ತು ಮರಳುವ ಹೊತ್ತಿನಲ್ಲಿ ಮಾತ್ರ ಓಡುತ್ತವೆ. ಟಿಕೆಟ್ಟಿಗೆ ಕೆಲವೇ ಬಾಟುಗಳು ಸಾಕು. ಅದೇ ಕಟ್ಟೆಯಲ್ಲಿ ನೀಲಿ ಬಾವುಟದ ಪ್ರವಾಸಿ ದೋಣಿಯವರು ನಿಮ್ಮನ್ನು ಕೂಗಿ ಕರೆಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಕುಳಿತುಕೊಳ್ಳಲು ಜಾಗವೂ ಸುಲಭವಾಗಿ ಸಿಗುತ್ತದೆ. ಆದರೆ ಶಾಲೆಯ ಸಮವಸ್ತ್ರದ ಮಕ್ಕಳು, ತರಕಾರಿ ಚೀಲ ಹಿಡಿದ ಅಜ್ಜಿಯರು, ಕಾವಿ ತೊಟ್ಟ ಭಿಕ್ಷುಗಳು ಕಾಣುವುದು ಕಿತ್ತಳೆ ಬಾವುಟದಲ್ಲಿ.

ಭಿಕ್ಷುಗಳ ಮಾತು ಬಂದದ್ದರಿಂದ ಒಂದು ಸೂಚನೆ. ದೋಣಿಯಲ್ಲಿ ಅವರಿಗೆಂದೇ ಬಿಟ್ಟ ಜಾಗವಿರುತ್ತದೆ; ಅಲ್ಲಿ ನಿಲ್ಲಬಾರದು, ಹೆಂಗಸರು ಅವರಿಗೆ ತಾಗದಂತೆ ಸರಿದು ನಿಲ್ಲಬೇಕು. ಇದನ್ನು ಯಾರೂ ಗದರಿಸಿ ಹೇಳುವುದಿಲ್ಲ, ಆದರೆ ಎಲ್ಲರೂ ಗಮನಿಸುತ್ತಾರೆ.

ನಿಮ್ಮ ತಾಯಿಯವರ ವಿಷಯದಲ್ಲಿ ನಾನು ಹೆಚ್ಚು ಎಚ್ಚರ ವಹಿಸಲು ಹೇಳುತ್ತೇನೆ. ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಕೆಲವೇ ಕ್ಷಣ. ಹಿಂಬದಿಯಲ್ಲಿರುವ ಹುಡುಗ ಸಿಳ್ಳೆಯ ಸನ್ನೆಯಲ್ಲೇ ಚಾಲಕನಿಗೆ ದಾರಿ ಹೇಳುತ್ತಾ ಹಗ್ಗ ಬಿಗಿಯುತ್ತಾನೆ, ಜನ ಇಳಿದು ಹತ್ತುತ್ತಾರೆ, ಆತ ಹಗ್ಗ ಬಿಚ್ಚುತ್ತಾನೆ, ಅಷ್ಟೇ. ತೇಲುವ ಕಟ್ಟೆಯೂ ದೋಣಿಯೂ ಎರಡೂ ಅಲುಗುತ್ತಿರುತ್ತವೆ, ನಡುವೆ ಒಂದು ಅಂತರವಿರುತ್ತದೆ. ಇಳಿಯುವ ಕಟ್ಟೆ ಬರುವ ಮೊದಲೇ ಎದ್ದು ಹಿಂಬದಿಗೆ ಬಂದಿರಬೇಕು, ಒಬ್ಬರು ಮುಂದೆ ಇಳಿದು ಕೈ ಕೊಡಬೇಕು. ಕಚೇರಿ ವೇಳೆಯನ್ನು ಬಿಟ್ಟು ಬೆಳಿಗ್ಗೆ ಹತ್ತರ ನಂತರ ಹೊರಟರೆ ಇದೇನೂ ಕಷ್ಟವಲ್ಲ. ಆದರೆ ನಗರದೊಳಗಿನ ಸೇನ್ ಸೇಪ್ ಕಾಲುವೆಯ ದೋಣಿಗೆ ಅವರನ್ನು ಹತ್ತಿಸಬೇಡಿ. ಥಾಯ್ ದೊರೆ ಮೂರನೆಯ ರಾಮನ ಆಳ್ವಿಕೆಯಲ್ಲಿ, 1837ರಿಂದ 1840ರ ನಡುವೆ, ಪೂರ್ವ ದಿಕ್ಕಿನಲ್ಲಿ ನಡೆಯುತ್ತಿದ್ದ ಯುದ್ಧಕ್ಕೆ ಸೈನ್ಯ ಸಾಗಿಸಲು ತೋಡಿಸಿದ ಕಾಲುವೆ ಅದು. ಇಂದಿಗೂ ಟ್ರಾಫಿಕ್ಕಿನಿಂದ ತಪ್ಪಿಸಿಕೊಳ್ಳಲು ಸಾವಿರಾರು ಜನ ಅದರ ದೋಣಿಗಳನ್ನೇ ನಂಬಿದ್ದಾರೆ. ಅಂಚನ್ನು ದಾಟಿ ಹಾರಿದಂತೆ ಒಳಗಿಳಿಯಬೇಕು. ಹೊಲಸು ನೀರು ಸಿಡಿಯದಂತೆ ಪ್ರಯಾಣಿಕರೇ ಹಗ್ಗ ಎಳೆದು ಪಕ್ಕದ ತಾಡಪಾಲನ್ನು ಏರಿಸಿಕೊಳ್ಳಬೇಕು. ಕಂಡಕ್ಟರು ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಾ ಟಿಕೆಟ್ ಕೊಡುತ್ತಾರೆ. ಮಗಳಿಗೆ ಮಾತ್ರ ತಪ್ಪದೆ ತೋರಿಸಿರಿ.

ಇನ್ನು ತಂದೆಯವರಿಗಾಗಿ: ಥಾ ತಿಯೆನ್ ಕಟ್ಟೆಯಿಂದ ಎದುರು ದಡದ ವಾಟ್ ಅರುಣ್‌ಗೆ ದಾಟುವ ಕಡವು ದೋಣಿಯಲ್ಲಿ ಒಮ್ಮೆ ಹೋಗಿ, ಆ ದಡದಲ್ಲಿರುವ ಥೋನ್‌ಬುರಿ ಕಾಲುವೆಗಳಿಗೆ ಉದ್ದಬಾಲದ ದೋಣಿಯೊಂದನ್ನು ಬಾಡಿಗೆಗೆ ಹಿಡಿಯಿರಿ. ಬ್ಯಾಂಕಾಕಿನ ಬಳಿ ನದಿ ಮೊದಲು ಪಶ್ಚಿಮಕ್ಕೆ ಒಂದು ದೊಡ್ಡ ಸುತ್ತು ಹಾಕಿ ಹರಿಯುತ್ತಿತ್ತು. ಹಡಗುಗಳ ದಾರಿ ಹತ್ತಿರವಾಗಲಿ ಎಂದು 16ನೇ ಶತಮಾನದಲ್ಲಿ ಆಗಿನ ರಾಜಧಾನಿ ಅಯುತ್ಥಯದ ಅರಸರು ಆ ಸುತ್ತಿನ ಕೊರಳಿಗೆ ಅಡ್ಡಲಾಗಿ ಒಂದು ಕಾಲುವೆ ತೋಡಿಸಿದರು. ನೀರು ಹೊಸ ದಾರಿ ಹಿಡಿದು ಕಾಲುವೆಯೇ ನದಿಯಾಯಿತು. ಹಳೆಯ ನದಿ ಸಣ್ಣದಾಗಿ ಬ್ಯಾಂಕಾಕ್ ನೋಯ್, ಬ್ಯಾಂಕಾಕ್ ಯಾಯ್ ಎಂಬ ಕಾಲುವೆಗಳಾಗಿ ಉಳಿಯಿತು. ಇಂದು ಅರಮನೆಯ ಮುಂದೆ ನೀವು ನೋಡುವ ಅಗಲವಾದ ಹೊಳೆ ಮನುಷ್ಯರು ತೋಡಿದ್ದು, ಹಿಂದೆ ಸದ್ದಿಲ್ಲದೆ ಇರುವ ಕಾಲುವೆ ಅಸಲಿ ನದಿ ಎಂದು ಹೇಳಿದರೆ ತಂದೆಯವರಿಗೆ ಖಂಡಿತ ಸಂತೋಷವಾಗುತ್ತದೆ. ಆ ಕಾಲುವೆಯ ಉದ್ದಕ್ಕೂ ಕಂಬಗಳ ಮೇಲೆ ನಿಂತ ಮನೆಗಳು, ನೀರಿಗಿಳಿಯುವ ಮೆಟ್ಟಿಲು, ಮೆಟ್ಟಿಲಿನ ಮೇಲೆ ಬಿಸಿಲು ಕಾಯುವ ಉಡಗಳು, ದೇವಾಲಯಗಳ ಮುಂದೆ ಯಾರೂ ಹಿಡಿಯದೆ ಬೆಳೆದ ಭಾರಿ ಮೀನುಗಳು ಕಾಣುತ್ತವೆ. ದೋಣಿಯ ಮೂತಿಗೆ ಬಣ್ಣದ ಬಟ್ಟೆ ಮತ್ತು ಹೂಮಾಲೆ ಕಟ್ಟಿರುತ್ತಾರೆ. ಅದು ದೋಣಿಯನ್ನು ಕಾಯುವ ತಾಯಿ, ಮೇ ಯಾ ನಾಂಗ್‌ಳ ಸ್ಥಾನ. ಫೋಟೊಕ್ಕಾಗಿ ಅದರ ಮೇಲೆ ಕಾಲಿಡಬಾರದು. ಬ್ಯಾಂಕಾಕ್ ನೋಯ್ ಕಾಲುವೆಯ ಬಾಯಿಯ ಬಳಿಯಲ್ಲೇ ರಾಜದೋಣಿಗಳ ವಸ್ತುಸಂಗ್ರಹಾಲಯವಿದೆ. 1911ರಲ್ಲಿ ನೀರಿಗಿಳಿದ, ಹಂಸದ ಮುಖದ ಸುಫನ್ನಹೋಂಗ್ ದೋಣಿಯನ್ನೂ ಗರುಡನನ್ನೇರಿದ ನಾರಾಯಣನ ದೋಣಿಯನ್ನೂ ಅಲ್ಲಿ ಹತ್ತಿರದಿಂದ ನೋಡಬಹುದು. ದೋಣಿಯವನೊಂದಿಗೆ ಗಂಟೆಗೆ ಎಷ್ಟು, ಎಲ್ಲೆಲ್ಲಿ ನಿಲ್ಲಿಸಬೇಕು ಎಂಬುದನ್ನು ಹತ್ತುವ ಮೊದಲೇ ಗೊತ್ತು ಮಾಡಿಕೊಳ್ಳಿ.

ಅತ್ತೆಯವರೊಂದಿಗೆ ಹೋಗಿ ಬಂದ ಒಬ್ಬ ಗೃಹಿಣಿಯ ಉತ್ತರ, ಹುಬ್ಬಳ್ಳಿಯಿಂದ

ಮೇಲಿನವರು ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ನಾನು ಊಟದ ಮತ್ತು ಮಾರುಕಟ್ಟೆಗಳ ವಿಷಯ ಮಾತ್ರ ಬರೆಯುತ್ತೇನೆ.

ಥಾಯ್ ಜನರು ಬೌದ್ಧರಾದರೂ ನದಿಯ ಮೀನು ಅವರ ಅನ್ನದಷ್ಟೇ ಸಹಜ. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಆದ್ದರಿಂದ ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು. 'ಜೇ' ಎಂದು ಹೇಳಬೇಕು. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಆ ಗುರುತು ಇರುವ ಅಂಗಡಿಗಳಲ್ಲಿ ಮೀನು, ಮೊಟ್ಟೆ, ಹಾಲು ಇರುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇರುವುದಿಲ್ಲ, ಆದ್ದರಿಂದ ನಮ್ಮ ಅತ್ತೆಯವರು ಏಕಾದಶಿಯ ಮರುದಿನವೂ ಅಲ್ಲಿ ನಿಶ್ಚಿಂತೆಯಿಂದ ಊಟ ಮಾಡಿದರು. ನದಿಗೆ ಸಮೀಪದಲ್ಲೇ ಇರುವ ಫಾಹುರಾಟ್‌ನಲ್ಲಿ ಭಾರತೀಯರ ಬಟ್ಟೆ ಅಂಗಡಿಗಳೂ ದೊಡ್ಡ ಗುರುದ್ವಾರವೂ ಇವೆ. ಸಸ್ಯಾಹಾರಿ ಊಟಕ್ಕೆ ಅಲ್ಲಿ ತೊಂದರೆಯಾಗುವುದಿಲ್ಲ. ಅದರ ಪಕ್ಕದಲ್ಲೇ ಪಾಕ್ ಖ್ಲೋಂಗ್ ತಲಾಟ್ ಹೂವಿನ ಮಾರುಕಟ್ಟೆ. ಹಿಂದೆ ದೋಣಿಯಲ್ಲಿ ಬರುತ್ತಿದ್ದ ಹೂವು ಈಗ ಟ್ರಕ್ಕಿನಲ್ಲಿ ಬರುತ್ತದೆ, ಆದರೂ ಚೆಂಡುಹೂವಿನ ಮತ್ತು ತಾವರೆ ಮೊಗ್ಗಿನ ರಾಶಿ ನೋಡಲು ಅತ್ತೆಯವರು ಎರಡನೆಯ ಸಲವೂ ಹೋಗೋಣವೆಂದು ಹಟ ಹಿಡಿದಿದ್ದರು. ಪ್ರಸಿದ್ಧವಾದ 'ದೋಣಿ ನೂಡಲ್ಸ್' ಮಾತ್ರ ಮುಟ್ಟಬೇಡಿ. ಹೆಸರು ಚೆಂದ, ದೋಣಿಯಲ್ಲಿ ಮಾರುತ್ತಿದ್ದ ಕಾಲದಿಂದ ಬಂದ ಪುಟ್ಟ ಬಟ್ಟಲುಗಳೂ ಚೆಂದ, ಆದರೆ ಅದರ ಸಾರಿಗೆ ಪ್ರಾಣಿಯ ರಕ್ತ ಬೆರೆಸುತ್ತಾರೆ. ಅದರ ಬದಲು ಖನೋಮ್ ಕ್ರೋಕ್ ತಿನ್ನಿ: ನಮ್ಮ ಪಡ್ಡಿನ ಹಂಚಿನಂಥದೇ ಗುಳಿಗಳ ಹಂಚಿನಲ್ಲಿ ಅಕ್ಕಿ ಹಿಟ್ಟು, ತೆಂಗಿನ ಹಾಲು ಹುಯ್ದು ಬೇಯಿಸಿದ ಸಿಹಿ.

ತೇಲುವ ಮಾರುಕಟ್ಟೆಗಳಲ್ಲಿ ನಿಮ್ಮ ಟ್ರಾವೆಲ್ಸಿನವರು ಹೇಳಿರುವುದು ಬಹುಶಃ ದಾಮ್ನೋನ್ ಸದುವಾಕ್ ಇರಬೇಕು. ಅಲ್ಲಿ ಈಗ ಮಾರುವವರಿಗಿಂತ ಫೋಟೊ ತೆಗೆಯುವವರೇ ಹೆಚ್ಚು. ದೋಣಿಗೆ ದೋಣಿ ತಾಗಿ ನಿಂತಲ್ಲೇ ನಿಂತಿರುತ್ತೇವೆ, ಎಲ್ಲ ಅಂಗಡಿಯಲ್ಲೂ ಅದೇ ಆನೆಚಿತ್ರದ ಪೈಜಾಮ. ಆಂಫವಾ ನನಗೆ ಹೆಚ್ಚು ಹಿಡಿಸಿತು. ಅದು ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ, ಮಧ್ಯಾಹ್ನದ ಮೇಲೆ ಸೇರುವ ಸಂತೆ. ಬರುವವರಲ್ಲಿ ಥಾಯ್ ಕುಟುಂಬಗಳೇ ಹೆಚ್ಚು. ಕಾಲುವೆಯ ಎರಡೂ ಬದಿ ಹಳೆಯ ಮರದ ಮನೆಗಳಿವೆ. ಕತ್ತಲಾದ ಮೇಲೆ ಮೇ ಕ್ಲೋಂಗ್ ನದಿಯ ದಂಡೆಯ ಲಾಂಫು ಮರಗಳಲ್ಲಿ ಮಿಂಚುಹುಳುಗಳನ್ನು ತೋರಿಸಲು ದೋಣಿಯಲ್ಲಿ ಕರೆದೊಯ್ಯುತ್ತಾರೆ. ಸುಟ್ಟ ಸೀಗಡಿಯ ವಾಸನೆ ಸಂತೆಯ ತುಂಬ ಇರುತ್ತದೆ ಎಂಬುದನ್ನು ಅಮ್ಮನವರಿಗೆ ಮೊದಲೇ ತಿಳಿಸಿಟ್ಟಿರಿ. ಮಿಂಚುಹುಳುವಿಗೆ ಹೋಗುವಾಗ ಎಂಜಿನ್ ನಿಲ್ಲಿಸಿ ಹುಟ್ಟು ಹಾಕುವ ದೋಣಿಯವರನ್ನು ಹುಡುಕಿ. ರಾತ್ರಿಯೆಲ್ಲ ದೋಣಿಗಳ ಗದ್ದಲ ತಾಳಲಾರದೆ ದಂಡೆಯ ಮನೆಯವರು ಮರಗಳನ್ನೇ ಕಡಿದುಹಾಕಿದ ಪ್ರಸಂಗಗಳು ಅಲ್ಲಿ ಹಿಂದೆ ನಡೆದಿವೆ.

ನಿವೃತ್ತ ನೀರಾವರಿ ಎಂಜಿನಿಯರೊಬ್ಬರ ಉತ್ತರ, ಮಂಡ್ಯದಿಂದ

ದಾಮ್ನೋನ್ ಸದುವಾಕ್ ಕುರಿತು ಸಹೋದರಿಯವರು ಹೇಳಿದ್ದು ಮಾರುಕಟ್ಟೆಯ ಮಟ್ಟಿಗೆ ಸರಿ. ಆದರೆ ಆ ಕಾಲುವೆಯನ್ನು ತಳ್ಳಿಹಾಕಬೇಡಿ ಎಂಬುದು ನನ್ನ ವಿನಂತಿ. ನಾಲ್ಕನೆಯ ರಾಮನ ಕಾಲದಲ್ಲಿ, 1866ರಿಂದ 1868ರ ಅವಧಿಯಲ್ಲಿ ತೋಡಿದ ಆ ಕಾಲುವೆ ಮೇ ಕ್ಲೋಂಗ್ ಮತ್ತು ಥಾ ಚಿನ್ ಎಂಬ ಎರಡು ನದಿಗಳನ್ನು 32 ಕಿಲೋಮೀಟರ್ ಉದ್ದಕ್ಕೂ ನೇರವಾಗಿ ಜೋಡಿಸುತ್ತದೆ. ಮುಖ್ಯ ಕಾಲುವೆಯಿಂದ ನೂರಾರು ಕವಲುಗಳು ತೋಟಗಳೊಳಕ್ಕೆ ಹೋಗುತ್ತವೆ. ಮಾರುಕಟ್ಟೆಗೆ ಬೆನ್ನು ಮಾಡಿ ಆ ಕವಲುಗಳಲ್ಲಿ ಒಂದು ಗಂಟೆ ಸುತ್ತಿದರೆ ತೆಂಗು, ಚಕ್ಕೋತದ ತೋಟಗಳನ್ನು ಏರಿಗಳ ಮೇಲೆ ಹೇಗೆ ಬೆಳೆಸುತ್ತಾರೆ, ಏರಿಗಳ ನಡುವಿನ ನೀರಿನಲ್ಲೇ ಪುಟ್ಟ ದೋಣಿ ತಳ್ಳಿಕೊಂಡು ಗಿಡಕ್ಕೆ ಹೇಗೆ ನೀರೆರಚುತ್ತಾರೆ ಎಂಬುದು ಕಾಣುತ್ತದೆ. ಕಾವೇರಿ ದಂಡೆಯ ಮನುಷ್ಯರಿಗೆ ತೋರಿಸಬೇಕಾದ್ದು ಅದು.

ತಂದೆಯವರಿಗೆ ನದಿಯ ಒಟ್ಟು ಸ್ವರೂಪ ತಿಳಿದಿದ್ದರೆ ನೋಟ ಬೇರೆಯಾಗುತ್ತದೆ. ಉತ್ತರದ ಬೆಟ್ಟಗಳಿಂದ ಪಿಂಗ್, ವಾಂಗ್, ಯೋಮ್, ನಾನ್ ಎಂಬ ನಾಲ್ಕು ನದಿಗಳು ಇಳಿದು, ಕೊನೆಗೆ ಪಿಂಗ್ ಮತ್ತು ನಾನ್ ಆಗಿ ನಖೋನ್ ಸವನ್‌ನಲ್ಲಿ ಕೂಡುತ್ತವೆ. ಅಲ್ಲಿಂದ ಮುಂದೆ ಸಮುದ್ರದವರೆಗಿನ 372 ಕಿಲೋಮೀಟರಿಗಷ್ಟೇ ಚಾವೊ ಫ್ರಯಾ ಎಂಬ ಹೆಸರು. ಪಿಂಗ್ ನದಿಗೆ 1964ರಲ್ಲಿ ಕಟ್ಟಿ ಮುಗಿಸಿದ ಭೂಮಿಬೋಲ್ ಅಣೆಕಟ್ಟೆಯ ಸಾಮರ್ಥ್ಯ 1,346 ಕೋಟಿ ಘನ ಮೀಟರಿನಷ್ಟು. ನಮ್ಮ ಲೆಕ್ಕದಲ್ಲಿ ಸುಮಾರು 475 ಟಿಎಂಸಿ. ಕೃಷ್ಣರಾಜಸಾಗರದ್ದು 49 ಟಿಎಂಸಿ ಎಂದು ನೆನೆದರೆ ಗಾತ್ರ ಅಂದಾಜಾಗುತ್ತದೆ. ಇಷ್ಟಾದರೂ ಪ್ರವಾಹ ನಿಲ್ಲುವುದಿಲ್ಲ, ಏಕೆಂದರೆ ಕೆಳಗಿನ ಬಯಲಿಗೆ ಇಳಿಜಾರೇ ಇಲ್ಲ. ಬ್ಯಾಂಕಾಕ್ ನಗರ ಸಮುದ್ರಮಟ್ಟದಿಂದ ಸರಾಸರಿ ಒಂದೂವರೆ ಮೀಟರ್ ಎತ್ತರದಲ್ಲಷ್ಟೇ ಇದೆ. ಮಳೆಗಾಲದ ಕೊನೆಗೆ ಮೇಲಿನಿಂದ ಇಳಿದ ನೀರು, ವರ್ಷದ ಅದೇ ಹೊತ್ತಿಗೆ ಎತ್ತರಕ್ಕೇರುವ ಸಮುದ್ರದ ಉಬ್ಬರಕ್ಕೆ ಎದುರಾಗಿ ಬಯಲಿನಲ್ಲಿ ಹರಡಿಕೊಳ್ಳುತ್ತದೆ. 2011ರಲ್ಲಿ ಹೀಗೆ ಹರಡಿದ ನೀರು ತಿಂಗಳುಗಟ್ಟಲೆ ನಿಂತಿತು, 800ಕ್ಕೂ ಹೆಚ್ಚು ಜನ ಸತ್ತರು, ಡಾನ್ ಮುವಾಂಗ್ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು. ಬೇಸಗೆಯಲ್ಲಿ ಇದಕ್ಕೆ ವಿರುದ್ಧ: ಹರಿವು ಕುಗ್ಗಿದಾಗ ಸಮುದ್ರದ ಉಪ್ಪು ನೀರು ಮೇಲಕ್ಕೆ ನುಗ್ಗಿ, 2020ರ ಬರದಲ್ಲಾದಂತೆ, ಬ್ಯಾಂಕಾಕಿನ ನಲ್ಲಿಯ ನೀರೇ ಉಪ್ಪಾಗುತ್ತದೆ.

ಹಿಂದಿನವರು ಈ ಪ್ರವಾಹದ ಜೊತೆ ಜಗಳವಾಡಲಿಲ್ಲ. ಮನೆಯನ್ನು ಕಂಬದ ಮೇಲೆ ಏರಿಸಿದರು. ನೀರು ಏರಿದಂತೆಲ್ಲ ತಾನೂ ಉದ್ದವಾಗಿ ತೆನೆಯನ್ನು ಮೇಲೆ ಹಿಡಿಯುವ ಭತ್ತದ ತಳಿ ಬೆಳೆದರು. ರಾಜಧಾನಿಯ ರಕ್ಷಣೆಯನ್ನೂ ಅದಕ್ಕೇ ಒಪ್ಪಿಸಿದರು. 1351ರಲ್ಲಿ ಸ್ಥಾಪನೆಯಾದ ಅಯುತ್ಥಯ ಚಾವೊ ಫ್ರಯಾ, ಪಾ ಸಾಕ್, ಲೋಪ್‌ಬುರಿ ನದಿಗಳು ಸುತ್ತುವರಿದ ದ್ವೀಪ. ಮುತ್ತಿಗೆ ಹಾಕಿದ ಬರ್ಮಾದ ಸೈನ್ಯ ಮಳೆಗಾಲ ಬಂದು ಬಯಲು ಮುಳುಗಿದೊಡನೆ ಹಿಂದೆ ಸರಿಯಲೇಬೇಕು ಎಂಬುದೇ ಆ ನಗರದ ಧೈರ್ಯವಾಗಿತ್ತು. 1766ರ ಮಳೆಗಾಲದಲ್ಲಿ ಬರ್ಮೀಯರು ಹಿಂದಿರುಗದೆ ಎತ್ತರದ ನೆಲ ಹಿಡಿದು ದೋಣಿಗಳೊಂದಿಗೆ ಅಲ್ಲೇ ಉಳಿದರು, 1767ರ ಏಪ್ರಿಲಿನಲ್ಲಿ ನಗರ ಬಿತ್ತು. ಅಲ್ಲಿಂದ ರಾಜಧಾನಿ ನದಿಯ ಕೆಳಗೆ ಥೋನ್‌ಬುರಿಗೂ, 1782ರಲ್ಲಿ ಎದುರು ದಡದ ಬ್ಯಾಂಕಾಕಿಗೂ ಇಳಿಯಿತು. ಆದ್ದರಿಂದ ಕ್ವೇ ಸೇತುವೆಗೆ ಒಂದು ಇಡೀ ದಿನ ಕೊಡುವ ಬದಲು ಅಯುತ್ಥಯಕ್ಕೆ ಒಂದು ರಾತ್ರಿ ಕೊಡಿ. ರೈಲಿನಿಂದ ಇಳಿದು ನೇರ ನಡೆದರೆ ಪಾ ಸಾಕ್ ನದಿಯ ಕಡವು ಸಿಗುತ್ತದೆ. ಬಹಳ ಜನ ಊರನ್ನು ಪ್ರವೇಶಿಸುವುದೇ ಆ ಸಣ್ಣ ದೋಣಿಯಲ್ಲಿ. ಸಂಜೆ ನಾಲ್ಕರ ನಂತರ ದ್ವೀಪವನ್ನು ಸುತ್ತುವ ದೋಣಿಯಲ್ಲಿ ಕುಳಿತರೆ, ಪಶ್ಚಿಮ ದಡದ ವಾಟ್ ಚೈವತ್ಥನಾರಾಮ್ ಬಳಿ ಇಳಿಬಿಸಿಲು ಸಿಗುತ್ತದೆ, ಮೆಟ್ಟಿಲು ಹತ್ತಲಾಗದ ತಾಯಿಯವರೂ ಕುಳಿತಲ್ಲಿಂದಲೇ ನೋಡಬಹುದು. ನೀರಿನ ಮೇಲೆ ತೇಲಿ ಬರುವ ಅಂತರಗಂಗೆಯ ಹಾಸುಗಳು ಮಾತ್ರ ಅವರ ಹಳೆಯ ವೈಭವಕ್ಕೆ ಸೇರಿದವಲ್ಲ. ಅದು ನಮ್ಮ ಕೆರೆಗಳನ್ನು ಕಾಡುವ ಕಳೆಯೇ, ಅಲ್ಲಿಗೆ ಜಾವಾದಿಂದ ಅಲಂಕಾರಕ್ಕೆಂದು ತಂದದ್ದು.

ಉತ್ತರದ ಗಡಿಯಲ್ಲಿ ತಿರುಗಾಡಿದ ಒಬ್ಬರ ಉತ್ತರ

ಲಾವೋಸಿನ ಗಡಿಯಲ್ಲಿ ಹರಿಯುವ ಮೇಕಾಂಗ್ ನದಿಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ, ಆದರೆ ನನ್ನ ಸಲಹೆ ಈ ಸಲ ಬೇಡ ಎಂಬುದೇ. ಚಿಯಾಂಗ್ ಖೋಂಗ್‌ನಿಂದ ನದಿ ದಾಟಿ ಲಾವೋಸಿನ ಹುವೇ ಸಾಯ್‌ನಲ್ಲಿ ದೋಣಿ ಹತ್ತಿದರೆ, ನಡುವೆ ಪಾಕ್ ಬೆಂಗ್‌ನಲ್ಲಿ ರಾತ್ರಿ ತಂಗಿ, ಎರಡನೆಯ ದಿನ ಲುವಾಂಗ್ ಪ್ರಬಾಂಗ್ ತಲುಪುತ್ತೀರಿ. ಬಹಳ ಸುಂದರವಾದ ಪ್ರಯಾಣ, ಆದರೆ ದಿನವಿಡೀ ಗಟ್ಟಿ ಆಸನದಲ್ಲಿ ಕೂರಬೇಕು, ಏರುದಡಗಳಲ್ಲಿ ಸಾಮಾನು ಹೊರಬೇಕು. ಅದಲ್ಲದೆ ಮೇಕಾಂಗ್ ಈಗ ಹಿಂದಿನಂತೆ ಋತುವನ್ನು ಅನುಸರಿಸಿ ಹರಿಯುತ್ತಿಲ್ಲ. ಮೇಲೆ ಚೀನಾದಲ್ಲಿಯೂ, 2019ರಿಂದ ಲಾವೋಸಿನ ಸಾಯಾಬುರಿಯಲ್ಲಿಯೂ ಅಣೆಕಟ್ಟೆಗಳು ನೀರು ಹಿಡಿದು ಬಿಡುತ್ತವೆ. ಆ ವರ್ಷದ ಕೊನೆಯಲ್ಲಿ, ಕೆಂಪು ಮಣ್ಣು ಹೊತ್ತು ತರಬೇಕಾದ ನದಿ ಈಶಾನ್ಯದ ಜಿಲ್ಲೆಗಳಲ್ಲಿ ತಿಳಿನೀಲಿಯಾಗಿ ಹರಿದದ್ದನ್ನು ಕಂಡು ಅಲ್ಲಿಯ ಬೆಸ್ತರು ದಿಗಿಲುಗೊಂಡರು. 2005ರಲ್ಲಿ ಚಿಯಾಂಗ್ ಖೋಂಗ್ ಬಳಿ 293 ಕಿಲೋ ತೂಗಿದ ಹೆಮ್ಮೀನು ಸಿಕ್ಕಿದ್ದ ನದಿ ಅದು. ಒಂದು ಸಂಜೆಯಷ್ಟೇ ನೋಡಿದರೆ ಸಾಕು ಎನ್ನುವುದಾದರೆ ವಿಮಾನದಲ್ಲಿ ಉದೋನ್ ಥಾನಿಗೆ ಹೋಗಿ, ಅಲ್ಲಿಂದ ರಸ್ತೆಯಲ್ಲಿ ನೋಂಗ್ ಖಾಯ್ ಸೇರಬಹುದು. ದಂಡೆಯುದ್ದಕ್ಕೂ ಸಮತಟ್ಟಾದ ಕಾಲುದಾರಿಯಿದೆ, ಎದುರು ದಡದಲ್ಲಿ ಲಾವೋಸ್ ಕಾಣುತ್ತದೆ. ನಾಗನು ನೀರಿನಿಂದ ಬೆಂಕಿಯುಂಡೆ ಉಗುಳುತ್ತಾನೆಂದು ಜನ ಸೇರುವ ಹುಣ್ಣಿಮೆ ಮಾತ್ರ ಭಿಕ್ಷುಗಳು ಮಳೆಗಾಲವನ್ನು ಒಂದೇ ಕಡೆ ಕಳೆಯುವ ವರ್ಷಾವಾಸದ ಕೊನೆಗೆ, ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಬರುತ್ತದೆ. ನಿಮಗದು ಸಿಗುವುದಿಲ್ಲ.

ಇನ್ನೊಬ್ಬರ ಉತ್ತರ, ಮಂಗಳೂರಿನಿಂದ

ಎಂಜಿನಿಯರ್ ಸಾಹೇಬರು ಕ್ವೇ ಸೇತುವೆಯನ್ನು ಬಿಡಿ ಎಂದದ್ದಕ್ಕೆ ನನ್ನ ವಿನಯಪೂರ್ವಕ ಆಕ್ಷೇಪವಿದೆ. ಸೇತುವೆ ದೊಡ್ಡದೇನಲ್ಲ ಎಂಬುದು ನಿಜ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದರ ಕೆಳಗಿನ ಹೊಳೆಗೆ ಮೇ ಕ್ಲೋಂಗ್ ಎಂದೇ ಹೆಸರಿತ್ತು, ಆ ಸೇತುವೆಯ ಹೆಸರಿನ ಇಂಗ್ಲಿಷ್ ಸಿನಿಮಾ ನೋಡಿ ಬಂದ ಪ್ರವಾಸಿಗರಿಗಾಗಿ 1960ರ ಸುಮಾರಿಗೆ ಅದನ್ನು ಕ್ವೇ ಯಾಯ್ ಎಂದು ಬದಲಿಸಿದರು ಎಂಬುದೂ ನಿಜ. ಆದರೆ 1942-43ರಲ್ಲಿ ಜಪಾನೀಯರು ಕಟ್ಟಿಸಿದ 415 ಕಿಲೋಮೀಟರ್ ರೈಲುದಾರಿ ಕ್ವೇ ನೋಯ್ ನದಿಯ ಕಣಿವೆಯನ್ನೇ ಹಿಡಿದು ಬರ್ಮಾದ ಕಡೆಗೆ ಸಾಗಿತ್ತು, ಏಕೆಂದರೆ ಆ ಕಾಡಿನಲ್ಲಿ ಸಾಮಾನು ಸಾಗಿಸಲು ನದಿಯೊಂದೇ ದಾರಿಯಾಗಿತ್ತು. 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಅಲ್ಲಿ ಸತ್ತರು. ಅವರಿಗೆ ಸೇತುವೆಯಿರುವ ಊರಾದ ಕಾಂಚನಬುರಿಯಲ್ಲಿ ಸಾಲು ಸಾಲಾದ ಸಮಾಧಿಗಳಿವೆ. ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಸಂಖ್ಯೆಯಲ್ಲಿ ಸತ್ತ ಏಷ್ಯಾದ ಕೂಲಿಗಳಿಗೆ, ಅವರಲ್ಲಿ ಮಲಯಾದ ರಬ್ಬರ್ ತೋಟಗಳಿಂದ ಕರೆದೊಯ್ದ ತಮಿಳರೂ ಬಹಳ, ಅಂಥ ಗೌರವ ದೊರೆಯಲಿಲ್ಲ. ದಕ್ಷಿಣ ಭಾರತದಿಂದ ಹೋಗುವ ನಾವು ಅದನ್ನು ತಿಳಿದು ನೋಡಬೇಕು. ಸೇತುವೆಯಲ್ಲಿ ಫೋಟೊ ತೆಗೆದು ಮರಳುವ ಬಸ್ಸಿನ ಪ್ರವಾಸ ಬೇಡ. ಥೋನ್‌ಬುರಿ ನಿಲ್ದಾಣದಿಂದ ಹೊರಡುವ ಸಾಧಾರಣ ರೈಲಿನಲ್ಲಿ ಹೋಗಿ. ಥಾಮ್ ಕ್ರಾಸೆ ಬಳಿ ಬಂಡೆಗೆ ಅಂಟಿಕೊಂಡ ಮರದ ಕಂಬಗಳ ಮೇಲೆ, ಕೆಳಗೆ ನದಿಯನ್ನು ನೋಡುತ್ತಾ, ರೈಲು ನಿಧಾನವಾಗಿ ಸಾಗುತ್ತದೆ. ಎ.ಸಿ. ಇಲ್ಲ, ಸಮಯಪಾಲನೆಯೂ ಅಷ್ಟಕ್ಕಷ್ಟೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಅಪ್ಪನಿಗೆ ಓದಿ ಹೇಳಿದೆ. ಕಾಲುವೆ ನದಿಯಾದ ಕಥೆಯನ್ನು ಎರಡು ಸಲ ಓದಿಸಿದರು. ಬ್ಯಾಂಕಾಕ್, ಒಂದು ರಾತ್ರಿ ಅಯುತ್ಥಯ, ವಾರಾಂತ್ಯಕ್ಕೆ ಆಂಫವಾ ಎಂದುಕೊಂಡಿದ್ದೇವೆ. ಕಾಂಚನಬುರಿ ಇನ್ನೂ ತೀರ್ಮಾನವಾಗಿಲ್ಲ. ಹಣತೆ ತೇಲಿಬಿಡುವ ಲೋಯ್ ಕ್ರಥೋಂಗ್ ಹಬ್ಬ ಆ ದಿನಗಳಲ್ಲೇ ಬರುತ್ತದೆಂದು ಕೇಳಿದೆ. ವಯಸ್ಸಾದವರನ್ನು ಅಲ್ಲಿಗೆ ಕರೆದೊಯ್ಯಬಹುದೇ? ಉಳಿದುಕೊಳ್ಳಲು ಯಾವ ಕಡೆ ಅನುಕೂಲ?

ಬ್ಯಾಂಕಾಕಿನವರ ಮರು ಉತ್ತರ

ಅವರ ಪಂಚಾಂಗದ ಹನ್ನೆರಡನೆಯ ತಿಂಗಳ ಹುಣ್ಣಿಮೆಗೆ ಲೋಯ್ ಕ್ರಥೋಂಗ್, ಅಂದರೆ ಬಹುತೇಕ ನಮ್ಮ ಕಾರ್ತಿಕ ಹುಣ್ಣಿಮೆಯ ಹೊತ್ತಿಗೇ. ಬಾಳೆದಿಂಡಿನ ಬಿಲ್ಲೆಗೆ ಬಾಳೆಲೆ ಮಡಿಸಿ ಕಟ್ಟಿ, ಹೂವು, ಊದುಬತ್ತಿ, ಮೇಣದ ಬತ್ತಿ, ಒಂದು ನಾಣ್ಯ ಇಟ್ಟು ನೀರಿಗೆ ಬಿಡುತ್ತಾರೆ. ನಿನ್ನನ್ನು ಬಳಸಿದ್ದಕ್ಕೆ, ಕೊಳೆ ಮಾಡಿದ್ದಕ್ಕೆ ಕ್ಷಮಿಸು ಎಂದು ಅವರು ಬೇಡಿಕೊಳ್ಳುವುದು ಗಂಗೆಯನ್ನೇ, ಅವರ ಬಾಯಲ್ಲಿ ಮೇ ಖೋಂಗ್‌ಖಾ. ಥರ್ಮೊಕೋಲಿನದನ್ನು ಕೊಳ್ಳಬೇಡಿ. ಬ್ರೆಡ್ಡಿನದು ಮೀನಿಗೆ ಆಹಾರವೆಂದು ಮಾರುತ್ತಾರೆ, ಆದರೆ ಸಣ್ಣ ಕೊಳದಲ್ಲಿ ಅವು ಸಾವಿರಗಟ್ಟಲೆ ಕರಗಿದರೆ ನೀರು ಹುಳಿತು ಮೀನಿಗೇ ಉಸಿರು ಕಟ್ಟುತ್ತದೆ, ಬಾಳೆದಿಂಡಿನದೇ ಮೇಲು. ನಗರಪಾಲಿಕೆಯವರು ಅದೇ ರಾತ್ರಿ ದೋಣಿಗಳಲ್ಲಿ ಬಂದು ಎಲ್ಲವನ್ನೂ ಬಾಚಿ ತೆಗೆಯುತ್ತಾರೆ, ಆದ್ದರಿಂದ ನಿಮ್ಮದು ಸಮುದ್ರ ಸೇರಲಿಲ್ಲವೆಂದು ಮಗಳು ಬೇಸರಿಸಬಾರದು.

ದೊಡ್ಡ ಕಟ್ಟೆಗಳಿಗೆ ಆ ರಾತ್ರಿ ಹೋಗಲೇಬೇಡಿ. ತೇಲುವ ವೇದಿಕೆಯ ಮೇಲೆ ಜನ ತುಂಬಿ ಅದು ವಾಲುತ್ತದೆ. ಉದ್ಯಾನದ ಕೆರೆಯೋ ದಂಡೆಯ ಸಣ್ಣ ದೇವಾಲಯದ ಮೆಟ್ಟಿಲೋ ಸಾಕು, ಸಂಜೆ ಏಳರೊಳಗೆ ಮುಗಿಸಿ ಹಿಂದಿರುಗಿ. ಉಳಿದುಕೊಳ್ಳಲು ಸಾಥೋನ್ ಕಟ್ಟೆಯ ಆಸುಪಾಸು ಒಳ್ಳೆಯದು, ರೈಲೂ ದೋಣಿಯೂ ಎರಡೂ ಕಾಲಳತೆಯಲ್ಲಿ ಇರುತ್ತವೆ. ಹಳೆಯ ನಗರವೇ ಬೇಕೆಂದರೆ 2019ರಲ್ಲಿ ತೆರೆದ ಸನಾಮ್ ಚೈ ಮೆಟ್ರೊ ನಿಲ್ದಾಣದ ಹತ್ತಿರ ನೋಡಿ. ಹೂವಿನ ಮಾರುಕಟ್ಟೆ, ಥಾ ತಿಯೆನ್ ಕಡವು ಅಲ್ಲಿಂದ ನಡೆಯುವಷ್ಟೇ ದೂರ. ನವೆಂಬರಿನ ಉಬ್ಬರದಲ್ಲಿ ಕೆಲವು ಕಟ್ಟೆಗಳ ಮುಂದೆ ಪಾದ ಮುಳುಗುವಷ್ಟು ನೀರು ನಿಂತು, ಮರಳುಚೀಲಗಳ ನಡುವೆ ಹಲಗೆ ಹಾಸಿರುತ್ತಾರೆ. ಎಲ್ಲರಿಗೂ ಹಿಂಬದಿ ಪಟ್ಟಿಯಿರುವ ರಬ್ಬರ್ ಚಪ್ಪಲಿ ತನ್ನಿ, ಅಮ್ಮನವರಿಗೆ ಮಡಚುವ ಊರುಗೋಲು ಮರೆಯಬೇಡಿ.